ಹಳೆಯ ಚಹರೆಯ ಹೊಸ ಬೈಕು ಕೊಂಡರೆ ಮೋಸ ಹೋದಂತೆಯೇ?

ಪ್ರಶ್ನೆ: ನನ್ನ ಮನೆ ತೀರ್ಥಹಳ್ಳಿಯಲ್ಲಿ, ಕೆಲಸ ಶಿವಮೊಗ್ಗದಲ್ಲಿ. ವಾರದಲ್ಲಿ ಮೂರ್ನಾಲ್ಕು ದಿನ ಬೈಕಿನಲ್ಲೇ ಓಡಾಡುತ್ತೇನೆ. ತಿಂಗಳಿಗೊಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದುಂಟು, ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೂ. ನಮ್ಮ ತಂದೆಯವರ ಬಳಿ ಯೆಜ್ಡಿ ಇತ್ತು, ಅದರ ಟ್ಯಾಂಕಿನ ಮೇಲೆ ಕೂತೇ ನಾನು ಬೆಳೆದವನು. ಈಗ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೊಳ್ಳುವ ಮನಸ್ಸಾಗಿದೆ. ಕೆಟಿಎಂ 390 ಡ್ಯೂಕ್ ಓಡಿಸುವ ಗೆಳೆಯನೊಬ್ಬ, ‘ಅದು ಬರೀ ವೇಷ, 20 ಅಶ್ವಶಕ್ತಿಗೆ ಎರಡು ಲಕ್ಷ ಸುರಿಯಬೇಡ’ ಎನ್ನುತ್ತಾನೆ. ಹಳೆಯ ಕಾಲದ ರೂಪಕ್ಕೆ ಮನಸೋಲುವುದು ತಪ್ಪೇ? ನಿಜವಾದ ಸಾಮರ್ಥ್ಯವೆಂದರೆ ಏನನ್ನು ನೋಡಬೇಕು?

ಉತ್ತರ: ನಿಮ್ಮ ಗೆಳೆಯ ಹೇಳಿದ ಅಂಕಿ ಸರಿಯಾಗಿದೆ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಅರ್ಧ ಮಾತ್ರ ಸರಿ. ಉಳಿದರ್ಧ ನೀವು ಯಾವ ರಸ್ತೆಯಲ್ಲಿ, ಯಾವ ವೇಗದಲ್ಲಿ, ಯಾರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ಅದೃಷ್ಟಕ್ಕೆ ನೀವು ಆ ವಿವರಗಳನ್ನು ಬರೆದಿದ್ದೀರಿ. ಆದ್ದರಿಂದ ಹಾರಿಕೆಯ ಉತ್ತರ ಕೊಡದೆ ನೇರವಾಗಿ ಲೆಕ್ಕ ಹಾಕಿ ಹೇಳಬಹುದಾಗಿದೆ.

ಮೊದಲಿಗೆ ಒಂದು ತಪ್ಪು ಗ್ರಹಿಕೆಯನ್ನು ತೆಗೆದುಹಾಕೋಣ. ಇಂದು ರೆಟ್ರೊ ಎಂದು ಕರೆಯಲಾಗುವ ರೂಪಗಳಲ್ಲಿ ಹಲವು ತಮ್ಮ ಕಾಲದ ಅತಿ ವೇಗದ ಗಾಡಿಗಳ ರೂಪಗಳು. ಟ್ರಯಂಫ್ ಕಂಪನಿಯ ಎಂಜಿನ್ ಹೊತ್ತ ವಾಹನವೊಂದು 1956ರಲ್ಲಿ ಅಮೆರಿಕದ ಬೊನೆವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 214 ಮೈಲಿ ವೇಗದಲ್ಲಿ ಓಡಿದ ನೆನಪಿಗೆ 1959ರ ಬೊನೆವಿಲ್ ಬೈಕಿಗೆ ಆ ಹೆಸರು ಬಂತು. ಆ 650 ಸಿಸಿ ಬೈಕಿನ ಶಕ್ತಿ 46 ಅಶ್ವಶಕ್ತಿ, ಅಂದರೆ ನಿಮ್ಮ ಗೆಳೆಯರ ಡ್ಯೂಕಿಗೆ ಹೆಚ್ಚುಕಡಿಮೆ ಸಮ. ಲಂಡನ್ನಿನ ಏಸ್ ಕೆಫೆಯ ಮುಂದೆ ಸೇರುತ್ತಿದ್ದ ಯುವಕರು ಗಂಟೆಗೆ ನೂರು ಮೈಲಿ ಮುಟ್ಟುವ ಹಟದಿಂದ ಹ್ಯಾಂಡಲನ್ನು ತಗ್ಗಿಸಿ, ಬೇಡದ ತಗಡುಗಳನ್ನು ಬಿಚ್ಚಿ ಎಸೆದಾಗ ಹುಟ್ಟಿದ್ದು ಕೆಫೆ ರೇಸರ್ ಎಂಬ ಆಕಾರ. 1972ರಲ್ಲಿ ಬಂದ ಕವಾಸಾಕಿ ಜೆಡ್ 1 ತನ್ನ 903 ಸಿಸಿ ಎಂಜಿನ್ನಿನಿಂದ 82 ಅಶ್ವಶಕ್ತಿ ಕೊಡುತ್ತಿತ್ತು. ನಮ್ಮ ನೆಲದಲ್ಲೇ ನೋಡಿದರೆ, 1980ರ ದಶಕದ ರಾಜದೂತ್ 350ರ ಪಿಕಪ್ಪಿಗೆ ಹೆದರಿ ಕೊಳ್ಳದೆ ಬಿಟ್ಟವರಿದ್ದರು. ಹೀಗಿರುವಾಗ ದುಂಡನೆಯ ಹೆಡ್‌ಲೈಟು, ಹನಿಯಾಕಾರದ ಟ್ಯಾಂಕು ಎಂದರೆ ನಿಧಾನ ಎಂಬ ಸಮೀಕರಣ ಚರಿತ್ರೆಯಲ್ಲಿ ಎಲ್ಲೂ ಇಲ್ಲ.

ನಿಮ್ಮ ತಂದೆಯವರ ಯೆಜ್ಡಿಯನ್ನೇ ತೆಗೆದುಕೊಳ್ಳಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿಗಳನ್ನು ತಯಾರಿಸಿತು. ಆ 250 ಸಿಸಿ ಟು ಸ್ಟ್ರೋಕ್ ಗಾಡಿಯಲ್ಲಿ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡಿದ್ದವು. ಅದು ಅಲಂಕಾರವಾಗಿರಲಿಲ್ಲ, ಸಿಲಿಂಡರಿನಿಂದ ಹೊಗೆ ಹೊರಹೋಗುವ ದ್ವಾರಗಳೇ ಎರಡಿದ್ದವು. ಎಡಗಾಲಿನ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿದ್ದುದು ನಿಮಗೆ ನೆನಪಿರಬಹುದು. ಅದೂ ಒಂದು ಲಿವರಿನ ಖರ್ಚು, ತೂಕ ಉಳಿಸಿದ ಜಾಣತನ. ನಾವು ಇಂದು ‘ಎಷ್ಟು ಚಂದ’ ಎಂದು ನೋಡುವ ಬಹುತೇಕ ವಿವರಗಳ ಹಿಂದೆ ಒಬ್ಬ ಎಂಜಿನಿಯರ್ ಬಗೆಹರಿಸಿದ ಯಾವುದೋ ಸಮಸ್ಯೆ ಇರುತ್ತದೆ. ಕಣ್ಣಿಗೆ ಅದು ಹಿತವೆನಿಸುವುದಕ್ಕೆ ನೆನಪು ಒಂದು ಕಾರಣ. ಆದರೆ ಯಾವ ಭಾಗ ಏನು ಮಾಡುತ್ತದೆಂದು ಹೊರಗಿನಿಂದಲೇ ತಿಳಿಯುವುದು ಇನ್ನೊಂದು ಕಾರಣವೆಂದು ನಾನು ನಂಬಿದ್ದೇನೆ. ಎಂಜಿನ್ ಇಲ್ಲಿ, ಹೊಗೆ ಕೊಳವೆ ಇಲ್ಲಿ, ಸ್ಪ್ರಿಂಗು ಇಲ್ಲಿ ಎಂದು ಮಗುವೂ ಬೆರಳಿಟ್ಟು ತೋರಿಸಬಹುದು. ಪ್ಲಾಸ್ಟಿಕ್ ಹೊದಿಕೆಯೊಳಗೆ ಅಡಗಿದ ಯಂತ್ರದಲ್ಲಿ ಆ ಪರಿಚಯ ಸಾಧ್ಯವಿಲ್ಲ.

ಹಾಗಾದರೆ ಇಂದಿನ ಗಾಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಹಳೆಯ ರೂಪದ ಈ ಭಾಗ ಈಗಲೂ ತನ್ನ ಕೆಲಸ ಮಾಡುತ್ತಿದೆಯೇ, ಅಥವಾ ಕೆಲಸ ಬೇರೆಲ್ಲೋ ನಡೆಯುತ್ತಿದ್ದು ಇದು ಕೇವಲ ಮುಖವೇ? ನಾನು ಬೆಂಗಳೂರಿನ ವರ್ಕ್‌ಶಾಪ್ ಒಂದರಲ್ಲಿದ್ದಾಗ ಆಧುನಿಕ ಬೊನೆವಿಲ್ ಒಂದು ಸರ್ವಿಸಿಗೆ ಬಂದಿತ್ತು. ಕೆಲಸ ಕಲಿಯಲು ಬಂದಿದ್ದ ಹುಡುಗನೊಬ್ಬ ಸ್ಕ್ರೂಡ್ರೈವರ್ ಹಿಡಿದು ಅದರ ಪಕ್ಕ ಕುಳಿತು, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರಿನ ತಳದ ಬಟ್ಟಲನ್ನು ಬಿಚ್ಚಿ ಜೆಟ್ ತೊಳೆಯಲು ಸಿದ್ಧನಾಗಿದ್ದ. ಆಕಾರ ಅಚ್ಚು ಕಾರ್ಬ್ಯುರೇಟರಿನದೇ, ಆದರೆ ಅದರೊಳಗಿದ್ದದ್ದು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್. ಹೊಗೆಯ ಕಟ್ಟುಪಾಡುಗಳಿಗಾಗಿ ಇಂಜೆಕ್ಷನ್ ಅಳವಡಿಸಿದ ಟ್ರಯಂಫ್ ಅದನ್ನು ಕಾರ್ಬ್ಯುರೇಟರಿನಂತೆ ಕಾಣುವ ಕವಚದೊಳಗೆ ಇಟ್ಟಿತ್ತು. ಹುಡುಗನಿಗೆ ನಾಚಿಕೆಯಾಯಿತು, ನನಗೆ ಮಾತ್ರ ಅದನ್ನು ಮಾಡಿದವರ ಮೇಲೆ ಗೌರವ ಹುಟ್ಟಿತು. ಅಲ್ಲಿ ವೇಷವಿತ್ತು, ಆದರೆ ವೇಷದ ಒಳಗಿದ್ದ ವಸ್ತು ಹಳೆಯದಕ್ಕಿಂತ ಉತ್ತಮವಾಗಿತ್ತು.

ಇದೇ ಕಣ್ಣಿನಿಂದ ಕ್ಲಾಸಿಕ್ 350ನ್ನು ನೋಡಿ. ಸಿಲಿಂಡರಿನ ಸುತ್ತ ಇರುವ ಫಿನ್ನುಗಳು (ಬಿಸಿ ಹೊರಹಾಕುವ ತೆಳು ಲೋಹದ ಪಟ್ಟಿಗಳು) ಅಲ್ಲಿ ಅಲಂಕಾರವಲ್ಲ, ಆ ಎಂಜಿನ್ ಗಾಳಿ ಮತ್ತು ಆಯಿಲಿನಿಂದಲೇ ತಣ್ಣಗಾಗುವಂಥದ್ದು. ಇನ್ನೊಂದೆಡೆ, 2023ರಲ್ಲಿ ಬಂದ ಟ್ರಯಂಫ್ ಸ್ಪೀಡ್ 400ರ ಸಿಲಿಂಡರಿಗೂ ಫಿನ್ನುಗಳಿವೆ. ಆದರೆ ಅದರ ಮುಂದೆ ರೇಡಿಯೇಟರ್ ಕೂತಿದೆ, ಬಿಸಿಯನ್ನು ಹೊತ್ತೊಯ್ಯುವ ಮುಖ್ಯ ಕೆಲಸ ಕೂಲಂಟ್ ಎಂಬ ದ್ರವದ್ದು. ಹಾಗೆಂದು ಮೊದಲನೆಯದು ಪ್ರಾಮಾಣಿಕ, ಎರಡನೆಯದು ನಾಟಕ ಎಂದು ತೀರ್ಪು ಕೊಟ್ಟರೆ ಎಡವುತ್ತೇವೆ. ರೇಡಿಯೇಟರ್ ಇರುವುದರಿಂದಲೇ ಸ್ಪೀಡ್ 400ರ 398 ಸಿಸಿ ಎಂಜಿನ್ ನಿಮಿಷಕ್ಕೆ 8,000 ಸುತ್ತು, ಅಂದರೆ 8,000 ಆರ್‌ಪಿಎಮ್‌ನಲ್ಲಿ ಸುಮಾರು 39.5 ಅಶ್ವಶಕ್ತಿಯನ್ನು ನಿಶ್ಚಿಂತೆಯಿಂದ ಕೊಡಬಲ್ಲದು. ಕ್ಲಾಸಿಕ್ಕಿನ 349 ಸಿಸಿ ಎಂಜಿನ್ 6,100 ಆರ್‌ಪಿಎಮ್‌ನಲ್ಲಿ 20.2 ಅಶ್ವಶಕ್ತಿ ಕೊಡುತ್ತದೆ. ಎರಡೂ ಹಳೆಯ ಚಹರೆಯ ಗಾಡಿಗಳೇ, ಆದರೆ ಒಂದರ ಶಕ್ತಿ ಇನ್ನೊಂದರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ‘ರೆಟ್ರೊ ಬೇಕೋ, ಸಾಮರ್ಥ್ಯ ಬೇಕೋ’ ಎಂದು ಒಂದನ್ನು ಆರಿಸಿಕೊಳ್ಳಬೇಕಾದ ಸಂದರ್ಭ ಈಗ ಇಲ್ಲ. ನಿಮ್ಮ ಮುಂದಿರುವುದು ಎರಡು ಬಗೆಯ ಎಂಜಿನ್ನುಗಳ ನಡುವಿನ ಆಯ್ಕೆ.

ಈ ವ್ಯತ್ಯಾಸದ ಮೂಲವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ತೀರ್ಮಾನ ನಿಲ್ಲುವುದು ಇದರ ಮೇಲೆಯೇ. ಕ್ಲಾಸಿಕ್ಕಿನ ಸಿಲಿಂಡರಿನ ವ್ಯಾಸ 72 ಮಿ.ಮೀ., ಅದರೊಳಗೆ ಪಿಸ್ಟನ್ ಸಾಗುವ ದೂರ (ಸ್ಟ್ರೋಕ್) 85.8 ಮಿ.ಮೀ. ಅಂದರೆ ಅದು ಕಿರಿದಾದ, ಆಳವಾದ ಬಾವಿ. ಸ್ಪೀಡ್ 400ರದು 89 ಮಿ.ಮೀ. ವ್ಯಾಸ, 64 ಮಿ.ಮೀ. ಸಾಗುವ ದೂರ, ಅಂದರೆ ಅಗಲವಾದ, ಆಳ ಕಡಿಮೆಯ ತೊಟ್ಟಿ. ಪಿಸ್ಟನ್ ಎಷ್ಟು ವೇಗದಲ್ಲಿ ಮೇಲೆ ಕೆಳಗೆ ಓಡಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಸ್ವಾರಸ್ಯವೆಂದರೆ, ಎರಡೂ ಎಂಜಿನ್ನುಗಳು ತಮ್ಮ ಗರಿಷ್ಠ ಶಕ್ತಿ ಕೊಡುವಾಗ ಅವುಗಳ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17 ಮೀಟರ್, ಎರಡರದೂ ಬಹುತೇಕ ಒಂದೇ. ಆದರೆ ಒಂದು ಸುತ್ತಿಗೆ ಹೆಚ್ಚು ದೂರ ಸಾಗಬೇಕಾದ ಪಿಸ್ಟನ್ 6,100 ಸುತ್ತಿಗೇ ಆ ವೇಗ ಮುಟ್ಟಿದರೆ, ಕಡಿಮೆ ದೂರದ ಪಿಸ್ಟನ್ 8,000 ಸುತ್ತಿನವರೆಗೆ ಹೋಗುತ್ತದೆ. ಹೆಚ್ಚು ಸುತ್ತು ಎಂದರೆ ಹೆಚ್ಚು ಸಲ ಉರಿಯುವ ಪೆಟ್ರೋಲು, ಅಂದರೆ ಹೆಚ್ಚು ಶಕ್ತಿ. ಜೊತೆಗೆ ಅಗಲವಾದ ಸಿಲಿಂಡರಿನ ತಲೆಯಲ್ಲಿ ದೊಡ್ಡ ವಾಲ್ವುಗಳಿಗೆ ಜಾಗ ಸಿಗುವುದರಿಂದ ಉಸಿರಾಟವೂ ಸಲೀಸು. ಕ್ಲಾಸಿಕ್ಕನ್ನು ಕಟ್ಟಿದವರು ಅಸಾಮರ್ಥ್ಯದಿಂದ ಹೀಗೆ ಮಾಡಿದ್ದಲ್ಲ. 70 ಮತ್ತು 90 ಮಿ.ಮೀ. ಅಳತೆಯ ಹಳೆಯ ಬುಲೆಟ್ಟಿನ ಎಂಜಿನ್ನನ್ನು ಕೈಬಿಟ್ಟು ಹೊಸದನ್ನು ರೂಪಿಸುವಾಗಲೂ ಅವರು ಉದ್ದ ಸ್ಟ್ರೋಕನ್ನೇ ಉಳಿಸಿಕೊಂಡರು, ಕಂಪನ ತಗ್ಗಿಸಲು ಬ್ಯಾಲೆನ್ಸರ್ ಶಾಫ್ಟನ್ನು ಸೇರಿಸಿದರು. ತಮ್ಮ ಸವಾರರಿಗೆ ಬೇಕಾದ ಸ್ವಭಾವ ಯಾವುದೆಂದು ತಿಳಿದೇ ಮಾಡಿದ ಆಯ್ಕೆ ಅದು.

ಶೋರೂಮಿನಲ್ಲಿ ನಿಮಗೆ ‘ಅಶ್ವಶಕ್ತಿ ಕಡಿಮೆ ಇರಬಹುದು, ಟಾರ್ಕ್ ನೋಡಿ ಸಾರ್’ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಟಾರ್ಕ್ ಎಂದರೆ ಎಂಜಿನ್ನಿನ ತಿರುಗಿಸುವ ಬಲ. ಆ ಮಾತನ್ನು ದಯವಿಟ್ಟು ಹಾಗೆಯೇ ಒಪ್ಪಿಕೊಳ್ಳಬೇಡಿ. ಕ್ಲಾಸಿಕ್ಕಿನ ಗರಿಷ್ಠ ಟಾರ್ಕ್ 27 ನ್ಯೂಟನ್ ಮೀಟರ್, ಸ್ಪೀಡ್ 400ರದು 37.5. ಟಾರ್ಕಿನಲ್ಲೂ ಕ್ಲಾಸಿಕ್ ಹಿಂದೆಯೇ. ಕ್ಲಾಸಿಕ್ಕಿನ ವಿಶೇಷ ಆ ಮೊತ್ತದಲ್ಲಿಲ್ಲ, ಅದು ಸಿಗುವ ಜಾಗದಲ್ಲಿದೆ. 4,000 ಆರ್‌ಪಿಎಮ್‌ಗೇ ಅದರ ಪೂರ್ತಿ ಬಲ ಕೈಗೆ ಬರುತ್ತದೆ, ಸ್ಪೀಡ್ 400 ತನ್ನ ಪೂರ್ತಿ ಬಲಕ್ಕೆ 6,500ರವರೆಗೆ ಹೋಗಬೇಕು. ಇದರ ಜೊತೆಗೆ ಫ್ಲೈವೀಲ್, ಅಂದರೆ ಎಂಜಿನ್ನಿನೊಡನೆ ತಿರುಗುವ ಭಾರದ ಗಾಲಿ, ಇದೆ. ಫ್ಲೈವೀಲ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಬದಲಿಗೆ ಒಂದು ಉರಿಗೂ ಇನ್ನೊಂದು ಉರಿಗೂ ನಡುವಿನ ಜರ್ಕನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಉಬ್ಬಿನ ಮುಂದೆ ನಿಧಾನಿಸಿ ಮೂರನೆಯ ಗೇರಿನಲ್ಲೇ ಮತ್ತೆ ಎಳೆದರೂ ಎಂಜಿನ್ ಕೆಮ್ಮದೆ ಮುಂದಕ್ಕೆ ಒಯ್ಯುತ್ತದೆ. ಇದನ್ನು ಸಾಮರ್ಥ್ಯವೆಂದು ಕರೆಯಬಹುದೇ ಎಂದು ಕೇಳಿದರೆ, ಕರೆಯಬಹುದು ಎಂದೇ ನನ್ನ ಉತ್ತರ.

ನಿಮ್ಮ ದಿನನಿತ್ಯದ ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ಸೇರುವ ಆ ರಸ್ತೆ ತುಂಗೆಯ ಜೊತೆಜೊತೆಗೆ ಕಾಡಿನ ನಡುವೆ ಬಳುಕುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ತಿರುವಿನಲ್ಲಿ ಒದ್ದೆ ಎಲೆಗಳು, ಎದುರಿಗೆ ಬಸ್ಸು, ಕೆಲವೊಮ್ಮೆ ರಸ್ತೆಯ ನಡುವೆ ದನ. ಅಲ್ಲಿ ವಿವೇಕಿಯಾದ ಯಾವ ಸವಾರನೂ 50, 60, ಬಹಳವಾದರೆ 70ರ ಆಚೆ ಹೋಗುವುದಿಲ್ಲ. ಆ ವೇಗದಲ್ಲಿ ಗಾಡಿಗೆ ಬೇಕಾಗುವ ಶಕ್ತಿ ಬಹಳ ಕಡಿಮೆ, ಡ್ಯೂಕಿನ 45 ಅಶ್ವಶಕ್ತಿಯ ಬಹುಪಾಲು ಅಲ್ಲಿ ಬಳಕೆಗೇ ಬರುವುದಿಲ್ಲ. ಆ ದಾರಿಯಲ್ಲಿ ನಿಮಗೆ ಬೇಕಾದದ್ದು ಪದೇಪದೇ ಗೇರು ಬದಲಿಸದೆ ಹೋಗುವ ಸಲೀಸು, ಬೆನ್ನು ನೆಟ್ಟಗಿರುವ ಭಂಗಿ, ಒದ್ದೆ ರಸ್ತೆಯಲ್ಲಿ ನಂಬಬಹುದಾದ ಟಯರು ಮತ್ತು ಎರಡೂ ಚಕ್ರಗಳಿಗೆ ಎಬಿಎಸ್ (ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ). ಇವೆಲ್ಲ ಕ್ಲಾಸಿಕ್ಕಿನಲ್ಲಿ ಸಿಗುತ್ತವೆ, ಎಬಿಎಸ್ ಒಂದು ಚಕ್ರಕ್ಕೋ ಎರಡಕ್ಕೋ ಎಂದು ಮಾತ್ರ ನೀವು ಕೊಳ್ಳುವ ಮಾದರಿಯಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮ ಗೆಳೆಯರ ವಾದ ಈ ದಾರಿಯ ಮಟ್ಟಿಗೆ ಸೋಲುತ್ತದೆ.

ಆದರೆ ಬೆಂಗಳೂರಿನ ದಾರಿಯಲ್ಲಿ ಅದೇ ವಾದ ಗೆಲ್ಲುತ್ತದೆ, ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 60ರಿಂದ 90 ಕಿ.ಮೀ.ಗೆ ಹೋದರೆ ವೇಗ ಒಂದೂವರೆ ಪಟ್ಟು, ಆದರೆ ಗಾಳಿಗೆ ತೆರಬೇಕಾದ ಶಕ್ತಿ ಮೂರು ಪಟ್ಟಿಗೂ ಹೆಚ್ಚು. ಈಗ ನಾನು ಹಾಕಿದ ಒಂದು ಅಂದಾಜನ್ನು ನೋಡಿ. ಕ್ಲಾಸಿಕ್ಕಿನ ತೂಕ 195 ಕೆ.ಜಿ., ನೀವಿಬ್ಬರು ಮತ್ತು ಚೀಲ ಸೇರಿ 135 ಕೆ.ಜಿ. ಎಂದಿಟ್ಟುಕೊಳ್ಳೋಣ. 80ರಲ್ಲಿ ಹೋಗುತ್ತಿರುವ ಲಾರಿಯ ಹಿಂದಿನಿಂದ 100ಕ್ಕೆ ಏರಿ ಅದನ್ನು ದಾಟಬೇಕು. ಆ ವೇಗದಲ್ಲಿ ಗಾಳಿ ಮತ್ತು ರಸ್ತೆಯ ತಡೆಗೇ ಎಂಜಿನ್ನಿನ ಅರ್ಧದಷ್ಟು ಶಕ್ತಿ ಹೋಗಿಬಿಡುತ್ತದೆ, ಉಳಿದದ್ದರಲ್ಲಿ ಆ 20 ಕಿ.ಮೀ. ವೇಗ ಏರಿಸಲು ಸುಮಾರು 8 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 200 ಮೀಟರ್ ಸಾಗಿರುತ್ತೀರಿ, ಎದುರಿನಿಂದ 80ರಲ್ಲಿ ಬರುವ ಬಸ್ಸು 180 ಮೀಟರ್ ಹತ್ತಿರ ಬಂದಿರುತ್ತದೆ. ಅದೇ ಕೆಲಸವನ್ನು 176 ಕೆ.ಜಿ.ಯ ಸ್ಪೀಡ್ 400 ಸುಮಾರು 3 ಸೆಕೆಂಡಿನಲ್ಲಿ, 75 ಮೀಟರಿನೊಳಗೆ ಮುಗಿಸುತ್ತದೆ. ಗೇರು, ಏರು, ಎದುರುಗಾಳಿಗಳಿಂದ ಈ ಸಂಖ್ಯೆಗಳು ಹಿಂದುಮುಂದಾಗಬಹುದು, ಆದರೆ ಎರಡರ ನಡುವಿನ ಅಂತರ ಹೀಗೆಯೇ ಇರುತ್ತದೆ. ನಡುವೆ ಡಿವೈಡರ್ ಇಲ್ಲದ ಎರಡು ಲೇನಿನ ರಸ್ತೆಯಲ್ಲಿ ಈ 5 ಸೆಕೆಂಡುಗಳನ್ನು ಶೋಕಿಯ ಲೆಕ್ಕಕ್ಕೆ ಸೇರಿಸಲಾಗದು. ಅಶ್ವಶಕ್ತಿಯನ್ನು ನಾನು ಗೌರವಿಸುವುದು ಗರಿಷ್ಠ ವೇಗಕ್ಕಾಗಿ ಅಲ್ಲ, ಎದುರಿನ ಲೇನಿನಲ್ಲಿ ನೀವು ಕಳೆಯುವ ಹೊತ್ತನ್ನು ಅದು ಕಡಿಮೆ ಮಾಡುತ್ತದೆ ಎಂಬುದಕ್ಕಾಗಿ.

ಕ್ಲಾಸಿಕ್ ಕೊಂಡವರು ಇದಕ್ಕೆ ತಕ್ಕಂತೆ ಸವಾರಿಯ ರೀತಿಯನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಲಾರಿಯ ಬಾಲಕ್ಕೆ ಅಂಟಿಕೊಂಡು ಅಲ್ಲಿಂದ ಎಳೆಯಲು ಹೋಗದೆ, ಹಿಂದೆ ಜಾಗ ಬಿಟ್ಟುಕೊಂಡು, ರಸ್ತೆ ತೆರೆದಿದೆಯೆಂದು ಖಚಿತವಾದ ಮೇಲೆ ನಾಲ್ಕನೆಯ ಗೇರಿಗೆ ಇಳಿಸಿ, ವೇಗ ಕೂಡಿಸಿಕೊಂಡೇ ಬಲಕ್ಕೆ ಬರಬೇಕು. ಅನುಮಾನವಿದ್ದರೆ ಹಿಂದೆಯೇ ಉಳಿಯಬೇಕು. 80, 85ರಲ್ಲಿ ದಿನವಿಡೀ ಹೋಗಲು ಆ ಗಾಡಿಗೆ ಯಾವ ಕಷ್ಟವೂ ಇಲ್ಲ. ನೂರರ ಮೇಲೆ ಗಂಟೆಗಟ್ಟಲೆ ಹೋಗಬೇಕೆಂಬ ಆಸೆ ನಿಮಗಿದ್ದರೆ ಅದು ನಿಮ್ಮ ಗಾಡಿಯಲ್ಲ.

ಆಗುಂಬೆಯ ವಿಷಯಕ್ಕೆ ಬಂದರೆ, 14 ಹಿಮ್ಮುರಿ ತಿರುವುಗಳ ಆ ಘಾಟಿಯನ್ನು ಇಳಿಯುವಾಗ ಅಶ್ವಶಕ್ತಿಯ ಮಾತು ಹಿಂದೆ ಸರಿದು ತೂಕ, ಬ್ರೇಕು ಮತ್ತು ಚಕ್ರಗಳು ಮುಂದೆ ಬರುತ್ತವೆ. ಕ್ಲಾಸಿಕ್ಕಿನ ಮುಂದಿನ ಚಕ್ರ 19 ಇಂಚು, ಹಿಂದಿನದು 18 ಇಂಚು. ದೊಡ್ಡ ಚಕ್ರ ಗುಂಡಿಯನ್ನು ಸಲೀಸಾಗಿ ದಾಟುತ್ತದೆ, ನೇರ ದಾರಿಯಲ್ಲಿ ಅಲುಗದೆ ನಿಲ್ಲುತ್ತದೆ, ಆದರೆ ಬಿಗಿಯಾದ ತಿರುವಿನಲ್ಲಿ ಹೊರಳಲು ಹೊತ್ತು ತೆಗೆದುಕೊಳ್ಳುತ್ತದೆ. ಸ್ಪೀಡ್ 400 ಮತ್ತು ಡ್ಯೂಕುಗಳ 17 ಇಂಚಿನ ಚಕ್ರ ಹಾಗೂ ಕಡಿಮೆ ತೂಕ ಅಲ್ಲಿ ನಿಜಕ್ಕೂ ಹಗುರವಾಗಿ ತಿರುಗುತ್ತವೆ. ಆದರೆ ಹಿಂದೆ ಕೂತವರ ದೃಷ್ಟಿಯಿಂದಲೂ ಯೋಚಿಸಿ. ಡ್ಯೂಕಿನ ಹಿಂದಿನ ಸೀಟು ಎತ್ತರ, ಕಿರಿದು. ಘಾಟಿ ಇಳಿಯುವಾಗ ಅಲ್ಲಿ ಕೂತವರು ಪ್ರತಿ ಬ್ರೇಕಿಗೂ ಸವಾರನ ಬೆನ್ನ ಮೇಲೆ ಜಾರುತ್ತಾರೆ. ಉಡುಪಿ ತಲುಪುವ ಹೊತ್ತಿಗೆ ನಿಮ್ಮ ಪತ್ನಿಯವರ ಸೊಂಟ ಏನು ಹೇಳುತ್ತದೆ ಎಂಬುದೂ ಗಾಡಿಯ ಸಾಮರ್ಥ್ಯದ ಭಾಗವೇ. ಈ ಗಾಡಿಗಳನ್ನು ಅಳೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಬಹಳ ವರ್ಷಗಳಿಂದ ಬೇಸರದ ಸಂಗತಿ.

ರೂಪಕ್ಕಾಗಿ ನೀವು ನಿಜವಾಗಿ ಬೆಲೆ ತೆರುವ ಜಾಗ ಒಂದಿದೆ, ಅದು ಕಡ್ಡಿ ಚಕ್ರ. ಕಡ್ಡಿ ಚಕ್ರದ ಕ್ಲಾಸಿಕ್ಕಿಗೆ ಟ್ಯೂಬ್ ಇರುವ ಟಯರು. ಮೊಳೆ ಚುಚ್ಚಿದರೆ ಗಾಳಿ ಒಮ್ಮೆಗೇ ಇಳಿಯಬಹುದು, ಚಕ್ರ ಬಿಚ್ಚದೆ ಪಂಕ್ಚರ್ ಹಾಕಲಾಗದು. ಟ್ಯೂಬ್‌ಲೆಸ್ ಟಯರಿಗಾದರೆ ರಸ್ತೆಯ ಬದಿಯಲ್ಲೇ ಐದು ನಿಮಿಷದಲ್ಲಿ ಪ್ಲಗ್ ತುರುಕಿ ಮುಂದೆ ಹೋಗಬಹುದು. ಸಂಜೆಗತ್ತಲಲ್ಲಿ, ಜಡಿಮಳೆಯಲ್ಲಿ, ಮೊಬೈಲಿಗೆ ಸಿಗ್ನಲ್ ಇಲ್ಲದ ಕಾಡುದಾರಿಯಲ್ಲಿ ಈ ವ್ಯತ್ಯಾಸದ ತೂಕ ಗೊತ್ತಾಗುತ್ತದೆ. ಕ್ಲಾಸಿಕ್ಕಿನಲ್ಲೇ ಅಲಾಯ್ ಚಕ್ರ ಮತ್ತು ಟ್ಯೂಬ್‌ಲೆಸ್ ಟಯರಿರುವ ಮಾದರಿಯೂ ಸಿಗುತ್ತದೆ. ಕಣ್ಣಿಗೆ ಅದು ಅಷ್ಟು ಒಪ್ಪದಿರಬಹುದು, ಆದರೆ ನಿಮ್ಮ ದಾರಿಗೆ ಅದೇ ಒಪ್ಪುತ್ತದೆ.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದು, ಅದಕ್ಕಿಂತ ದೊಡ್ಡವುಗಳದು 40 ಪ್ರತಿಶತಕ್ಕೆ ಏರಿತು. 349 ಸಿಸಿಯ ಕ್ಲಾಸಿಕ್ ಈ ಗೆರೆಯ ಒಳಗೆ ನಿಂತರೆ, ಅದೇ ಕಂಪನಿಯ 650 ಸಿಸಿಯ ಇಂಟರ್‌ಸೆಪ್ಟರ್ ಅದರ ಹೊರಗೆ. 47 ಅಶ್ವಶಕ್ತಿಯ, ಎರಡು ಸಿಲಿಂಡರಿನ ಆ ಇಂಟರ್‌ಸೆಪ್ಟರ್ ಹಳೆಯ ರೂಪ ಮತ್ತು ಹೆದ್ದಾರಿಯ ಬಲ ಎರಡನ್ನೂ ಒಟ್ಟಿಗೆ ಕೊಡುವ ಗಾಡಿ, ನನಗೆ ಬಹಳ ಪ್ರಿಯವಾದದ್ದು ಕೂಡ. ಆದರೆ 200 ಕೆ.ಜಿ. ಮೀರಿದ ಅದನ್ನು ದಿನವೂ ಕಚೇರಿಗೆ ಒಯ್ದು, ಕೆಸರಿನ ಅಂಗಳದಲ್ಲಿ ಹಿಂದಕ್ಕೆ ತಳ್ಳಿ ನಿಲ್ಲಿಸುವ ಕಷ್ಟವನ್ನು ಯೋಚಿಸಿ ನಿಮಗೆ ಸೂಚಿಸುತ್ತಿಲ್ಲ.

ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಓಡಾಟದ ಹೆಚ್ಚಿನ ಪಾಲು ತೀರ್ಥಹಳ್ಳಿ, ಶಿವಮೊಗ್ಗಗಳ ನಡುವಿನದಾದ್ದರಿಂದ, ಬೆಂಗಳೂರಿನ ಪ್ರಯಾಣ ಅಪರೂಪವಾದ್ದರಿಂದ, ಅಲಾಯ್ ಚಕ್ರದ ಕ್ಲಾಸಿಕ್ 350 ನಿಮಗೆ ಸರಿಯಾದ ಆಯ್ಕೆ. ಅದನ್ನು ನೋಡಿದಾಗ ತಂದೆಯವರ ಯೆಜ್ಡಿ ನೆನಪಾಗುತ್ತದೆಂಬ ಕಾರಣಕ್ಕೆ ಸಂಕೋಚಪಡಬೇಕಾಗಿಲ್ಲ. ಮನಸ್ಸಿಗೆ ಹಿಡಿಸಿದ ಗಾಡಿಯನ್ನು ಮನುಷ್ಯ ತೊಳೆಯುತ್ತಾನೆ, ಚೈನಿಗೆ ಎಣ್ಣೆ ಬಿಡುತ್ತಾನೆ, ಸಣ್ಣ ಸದ್ದು ಬಂದರೂ ಕಿವಿಗೊಡುತ್ತಾನೆ, ಅದರಿಂದ ಗಾಡಿಯ ಆಯುಷ್ಯ ಹೆಚ್ಚುವುದನ್ನು ವರ್ಕ್‌ಶಾಪಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಮುಂದೆ ಕೆಲಸ ಬದಲಾಗಿ ವಾರವಾರವೂ ಬೆಂಗಳೂರಿಗೆ ಹೋಗುವ ಸಾಧ್ಯತೆ ಇದ್ದರೆ ಈ ಉತ್ತರ ಬದಲಾಗುತ್ತದೆ, ಆಗ ಸ್ಪೀಡ್ 400ನ್ನು ಕೊಳ್ಳಿ. ಅದರ ಚಹರೆಯೂ ನಿಮಗೆ ಬೇಸರ ತರುವಂಥದ್ದಲ್ಲ.

ಹಣ ಕಟ್ಟುವ ಮೊದಲು ಶೋರೂಮಿನ ಸುತ್ತ ಒಂದು ಕಿಲೋಮೀಟರ್ ಓಡಿಸಿ ತೃಪ್ತರಾಗಬೇಡಿ. ಬಾಡಿಗೆಗೋ ಪರಿಚಿತರಿಂದಲೋ ಒಂದು ದಿನದ ಮಟ್ಟಿಗೆ ಎರಡನ್ನೂ ಪಡೆದು, ಪತ್ನಿಯವರನ್ನು ಕೂರಿಸಿಕೊಂಡೇ ಮಂಡಗದ್ದೆಯವರೆಗೆ ಹೋಗಿ ಬನ್ನಿ. ಹೊರಡುವ ಮುನ್ನ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಇಬ್ಬರ ಭಾರಕ್ಕೆ ತಕ್ಕಂತೆ ಒಂದೆರಡು ಹಂತ ಬಿಗಿಗೊಳಿಸಿ, ಟಯರಿನ ಗಾಳಿಯನ್ನು ಇಬ್ಬರು ಸವಾರರಿಗೆ ಹೇಳಿರುವ ಅಳತೆಗೆ ಹಾಕಿಸಿ. ಇದನ್ನು ಮಾಡದೆ ಓಡಿಸಿ ನೋಡಿದವರು ಗಾಡಿ ಕುಲುಕುತ್ತದೆಂದು ದೂರಿದ್ದನ್ನು ನಾನು ಬಹಳ ಸಲ ಕೇಳಿದ್ದೇನೆ.